ಸಂಚಿಯಲ್ಲಿ ಹೋದ ವೋಟಿನ ಕಾರ್ಡು

ಪಾಪಿನಾಯಕನಹಳ್ಳಿಯ ಕರೆಮ್ಮನಿಗೆ ಲೋಕವೆಂದರೆ ಸಂಡೂರಿನ ಗುಡ್ಡ, ಕಂಪ್ಲಿಯ ಗದ್ದೆ, ಹೊಸಪೇಟೆಯ ಸಂತೆ. ಹುಟ್ಟಿದ್ದು, ದುಡಿದದ್ದು, ಹೆತ್ತದ್ದು, ಗಂಡನನ್ನು ಮಣ್ಣು ಮಾಡಿದ್ದು ಎಲ್ಲವೂ ಇಷ್ಟರೊಳಗೇ. ಪ್ರಾಯದಲ್ಲಿ ಗುಡ್ಡದ ಮೇಲೆ ಕೂತು ಸುತ್ತಿಗೆಯಿಂದ ಅದಿರು ಒಡೆದಳು. ಗಣಿ ನಿಂತ ಮೇಲೆ ಕಂಪ್ಲಿ ಕಡೆ ನಾಟಿಗೆ, ಕಳೆಗೆ ಹೋದಳು. ಈಗ ಊರ ಬಾಳೆತೋಟಗಳಲ್ಲಿ ಕೂಲಿ. ಗಣಿಯ ಕೆಂಪು ಧೂಳು ಮಾತ್ರ ಅವಳ ಹಿಮ್ಮಡಿಯ ಬಿರುಕಿನಲ್ಲಿ ಇನ್ನೂ ಕೂತಿದೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಕರೆಮ್ಮನೂ ಸುಲಭಕ್ಕೆ ಜಗ್ಗುವವಳಲ್ಲ.

ಅವಳ ಗಂಡ ಉಚ್ಚೆಂಗೆಪ್ಪನೂ ಅದೇ ಗುಡ್ಡದ ಕೂಲಿಯವನು. ಮಗ ಪರಶುರಾಮ ಓಡಾಡುವ ವಯಸ್ಸಿನಲ್ಲಿದ್ದಾಗ, ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ, ಗಂಡಹೆಂಡತಿ ಇಬ್ಬರೂ ಕೇರಿಯವರ ಜೊತೆ ಬುದ್ಧನಿಗೆ ಶರಣಾಗಿ ಬಂದಿದ್ದರು. ಹಾಗಾಗಿ ಮಗಳು ಸಂಘಮಿತ್ರಾ ಆದಳು. ಮನೆಯ ಗೋಡೆಗೆ ಬುದ್ಧ ಬಂದ, ಪಕ್ಕದಲ್ಲಿ ಬಾಬಾಸಾಹೇಬರು ಬಂದರು. ಮೂಲೆಯ ಗೂಡಿನಲ್ಲಿದ್ದ ಹುಲಿಗೆಮ್ಮನ ದೀಪವನ್ನು ಮಾತ್ರ ಕರೆಮ್ಮ ತೆಗೆಯಲಿಲ್ಲ. ಕೇಳಿದವರಿಗೆ, "ಇದ್ದಾಕಿ ಇರ್ಲಿ ಬಿಡ್ರಿ, ಎಲ್ಲಿಗೆ ಹೋಗ್ಬೇಕು ಪಾಪ," ಎನ್ನುತ್ತಿದ್ದಳು.

ಸಂಘಮಿತ್ರಾ ಪಿಯುಸಿ ಮುಗಿಸಿ, ಹಂಪಿಯ ಹೊಳೆಯಾಚೆ ಗಡ್ಡಿ ಎಂದು ಕರೆಯುವ ನಡುಗಡ್ಡೆಯ ಒಂದು ಗೆಸ್ಟ್ ಹೌಸಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಳು. ಅಲ್ಲಿ ಅಡುಗೆ ಮಾಡುತ್ತಿದ್ದವನು ನೇಪಾಳದ ಇಂದ್ರ ಥಾಪಾ. ಬಿಳಿಯರಿಗೆ ಬೇಕಾದ್ದೆಲ್ಲ ಬೇಯಿಸುತ್ತಿದ್ದ, ಕನ್ನಡವನ್ನೂ ಒಂದಿಷ್ಟು ಹಸಿಬಿಸಿಯಾಗಿ ಬೇಯಿಸಿ ಆಡುತ್ತಿದ್ದ. ಇಬ್ಬರೂ ಇಷ್ಟಪಟ್ಟರು. ಊರು ಮೂಗು ಮುರಿಯಿತು, ಆದರೆ ಮನೆಯವರು ಮುರಿಯಲಿಲ್ಲ. ಉಚ್ಚೆಂಗೆಪ್ಪ ಧಾರಾಳವಾಗಿ ಒಪ್ಪಿದ. ಪರಶುರಾಮನಂತೂ ಓಡಾಡಿ ಪೆಂಡಾಲು ಹಾಕಿಸಿ, ಭಾವಮೈದುನನ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೊ ತೆಗೆಸಿಕೊಂಡಿದ್ದ. ಅಳಿಯನನ್ನು ಕರೆಮ್ಮ ಕರೆಯುವುದು ಇಂದ್ರಪ್ಪ ಎಂದು.

ಆಮೇಲೆ ಗಡ್ಡಿಯ ಹೋಟೆಲುಗಳನ್ನೆಲ್ಲ ಅಕ್ರಮವೆಂದು ಸರ್ಕಾರದವರು ಕೆಡವಿದರು. ಕೆಲಸವಿಲ್ಲದ ಇಂದ್ರ ಹೆಂಡತಿಯನ್ನು ಕರೆದುಕೊಂಡು ತನ್ನೂರು ಬುಟ್ವಲ್‌ಗೆ ಹೋದ. ಅವರು ಹೋಗಿ ಚೀಲ ಬಿಚ್ಚುವುದರೊಳಗೆ ಕೊರೊನಾ ಬಂತು, ಲಾಕ್‌ಡೌನ್ ಬಂತು. ಅದೇ ಬೇಸಿಗೆಯಲ್ಲಿ ಉಚ್ಚೆಂಗೆಪ್ಪನ ದಮ್ಮು ಏರಿತು. ಗುಡ್ಡದ ಧೂಳು ಇಷ್ಟು ವರ್ಷ ಎದೆಯಲ್ಲಿ ಕೂತು ಬಾಡಿಗೆ ವಸೂಲಿ ಮಾಡಿತು ಎನ್ನಬೇಕು.

ಸಾಯುವ ಮುಂಚೆ ಅವನು ಕೇಳಿದ್ದು ಒಂದೇ ಮಾತು. ಬಾಗಿಲು ಕಿರ್ರೆಂದಾಗಲೆಲ್ಲ "ಸಂಗಿ ಬಂದ್ಲೇನು?" ಎನ್ನುತ್ತಿದ್ದ. ಅವನ ತಲೆ ಮಗನ ತೊಡೆಯ ಮೇಲಿತ್ತು. ಪರಶುರಾಮ ತಂಗಿಗೆ ಫೋನ್ ಮಾಡಿದ್ದ. "ಹೊಂಟೀನಿ ಅಣ್ಣಾ, ಹೊಂಟೀನಿ," ಎಂದವಳ ಫೋನು ಆಮೇಲೆ ಹತ್ತಲಿಲ್ಲ. ಮಣ್ಣಿಗೆ ನಾಲ್ಕು ಜನ ಬಂದರೆ ಹೆಚ್ಚು ಎಂಬ ಕಾಲ ಅದು. ಹೆತ್ತ ಮಕ್ಕಳು ಹಿಡಿಹಿಡಿ ಮಣ್ಣು ಹಾಕದೆ ಗುಣಿ ಮುಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಕತ್ತಲಾಗುವವರೆಗೆ ಕಾದರು. ಕೊನೆಗೆ ತಂಗಿಯ ಪಾಲಿನ ಮಣ್ಣನ್ನೂ ಪರಶುರಾಮನೇ ಹಾಕಿದ. ಕೈ ಕೊಡವಿಕೊಂಡು ಎಲ್ಲರೆದುರು ಹೇಳಿದ:

"ಅಪ್ಪಗ ಹಿಡಿ ಮಣ್ಣು ಹಾಕಾಕ ಬರಲಾರದಾಕಿ ನನಗ ತಂಗಿ ಅಲ್ಲ. ಇವತ್ತಿಂದ ನನಗ ತಂಗೀನ ಇಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾರ್ಡರ್ ಬಂದ್ ಇತ್ತು ಎಂದು ಆಮೇಲೆ ಸಂಘಮಿತ್ರಾ ಅತ್ತು ಹೇಳಿದರೂ ಅವನು ನಂಬಲಿಲ್ಲ. "ಮನಸ್ಸಿದ್ರ ಮಾರ್ಗ ಇರತಿತ್ತು," ಎಂದು ಅವಳ ನಂಬರನ್ನೇ ತೆಗೆದುಹಾಕಿದ. ಪಂಚಮಿ ಹಬ್ಬಕ್ಕೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಅಂದಿನಿಂದ ಪಂಚಮಿ ಬಂತೆಂದರೆ ಪರಶುರಾಮ ಬೇಕೆಂದೇ ಡಬಲ್ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದ.

ಹೀಗೆ ವರ್ಷಗಳು ಹೋದವು. ಈ ವರ್ಷ ಆಷಾಢದ ಕೊನೆಯಲ್ಲಿ, ಕರೆಮ್ಮ ಬಾಳೆತೋಟದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಮಗಳ ವಿಡಿಯೊ ಕಾಲ್ ಬಂತು. ಸಂಘಮಿತ್ರಾಳ ಮುಖ ಊದಿಕೊಂಡಿತ್ತು. ಹಿಂದೆ ಎರಡು ಬಸಿರು ನಿಂತಿರಲಿಲ್ಲ, ಇದು ಹೇಗೋ ತಿಂಗಳು ತುಂಬುವ ಹೊತ್ತಿಗೆ ಬಂದಿತ್ತು.

"ಯವ್ವಾ, ಬಿಪಿ ಭಾಳ ಏರೈತಂತ. ಕಾಲು ಬಾತಾವ. ಡಾಕ್ಟ್ರು ಹಾಸಿಗಿ ಬಿಟ್ಟು ಏಳಬ್ಯಾಡ ಅಂದಾರ. ಮುಂದಿನ ವಾರ ಆಪರೇಷನ್ ಮಾಡಿ ಕೂಸಿನ್ನ ತೆಗೀತಾರಂತ."

"ಹೆದರಬ್ಯಾಡ ತಾಯಿ. ಇಂದ್ರಪ್ಪ ಅದಾನಲ್ಲ."

"ಅಂವ ಅದಾನ. ಆದ್ರ ಅತ್ತಿ ಇಲ್ಲ, ಯಾರೂ ಇಲ್ಲ. ನೀ ಬಾರಬೇ. ನೀ ಬಂದು ತಲಿ ಮ್ಯಾಲ ಕೈ ಇಡದ ನಾ ಒಳಗ ಹೋಗಂಗಿಲ್ಲ. ನನಗ ಉಳೀತೀನಂತ ಅನ್ನಿಸವಲ್ದು."

ಚೊಚ್ಚಲು ಹೆರಿಗೆ ತವರಲ್ಲಿ ಆಗಬೇಕು. ಮಗಳು ಬರಲಾರಳು ಎಂದಮೇಲೆ ತವರೇ ಎದ್ದು ಹೋಗಬೇಕು. ಇದರಲ್ಲಿ ಕರೆಮ್ಮನಿಗೆ ಯೋಚಿಸುವಂಥದ್ದು ಏನೂ ಕಾಣಲಿಲ್ಲ. ಮರುದಿನ ಬೆಳಿಗ್ಗೆಯೇ ಹೊಸಪೇಟೆಗೆ ಹೊರಟಳು.

ಬಸ್ ಸ್ಟ್ಯಾಂಡಿನ ಹಿಂದೆ ಹುಲುಗೇಶನ ಜೆರಾಕ್ಸ್ ಅಂಗಡಿ. ವರ್ಷಕ್ಕೊಮ್ಮೆ ಕೇರಿಗಳ ಜನರನ್ನು ಸೇರಿಸಿ ಬುದ್ಧಗಯಾ, ಸಾರನಾಥ, ಹಾಗೇ ಗಡಿ ದಾಟಿ ಲುಂಬಿನಿ ತೋರಿಸಿಕೊಂಡು ಬರುವವನು ಅವನೇ. ಕರೆಮ್ಮ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡು ಮುಂದಿಟ್ಟಳು.

"ನೇಪಾಳಕ್ಕ ವೀಸಾ ಗೀಸಾ ಬೇಕೇನು ತಮ್ಮಾ?"

"ನಮಗ ಬ್ಯಾಡ ದೊಡ್ಡವ್ವಾ. ನಮ್ಮ ದೇಶದವರು ಹಂಗ ಹೋಗಿ ಹಂಗ ಬರಬೋದು."

"ಹಂಗಾರ ಟಿಕೀಟು ಮಾಡು, ಜಲ್ದಿ."

"ತಡಿ, ತಡಿ. ವೀಸಾ ಬ್ಯಾಡ ಅಂದ್ರ ಏನೂ ಬ್ಯಾಡ ಅಂತಲ್ಲ. ನೀ ಈ ದೇಶದಾಕಿ ಅಂತ ತೋರಸಬೇಕು. ಪಾಸ್‌ಪೋರ್ಟ್ ಇಲ್ಲಾಂದ್ರ ವೋಟಿನ ಕಾರ್ಡು. ಆಧಾರ್ ನಿನ್ನ ವಯಸ್ಸಿನವರಿಗೆ ನಡಿಯಂಗಿಲ್ಲ."

ತೆರೆದ ಬಾಗಿಲಿಗೂ ಹೊಸ್ತಿಲು ಇರುತ್ತದೆ. ಅರವತ್ತೈದು ದಾಟಿದವರಾಗಿದ್ದರೆ ಫೋಟೊ ಇರುವ ಬೇರೆ ಕಾರ್ಡು ಸಾಕಿತ್ತು ಎಂದೂ ಹುಲುಗೇಶ ಹೇಳಿದ. ಕರೆಮ್ಮನ ಮೊಣಕಾಲುಗಳನ್ನು ಕೇಳಿದ್ದರೆ ಅವು ಎಂದೋ ದಾಟಿದೆವೆಂದು ಸಾಕ್ಷಿ ಹೇಳುತ್ತಿದ್ದವು. ಆದರೆ ಗಣಿಗೆ ಸೇರುವಾಗ ಮೇಸ್ತ್ರಿಯ ಮಾತು ಕೇಳಿ ವಯಸ್ಸು ಇಳಿಸಿ ಬರೆಸಿದ್ದಳು. ಮುಂದೆ ಬಂದ ಕಾರ್ಡುಗಳೆಲ್ಲ ಅದೇ ಸುಳ್ಳಿನ ಬೆನ್ನು ಹತ್ತಿ ಬಂದಿದ್ದವು. ಕಾಗದದ ಕರೆಮ್ಮ ಇನ್ನೂ ಅರವತ್ತೈದರ ಈಚೆಗೇ ನಿಂತಿದ್ದಳು.

"ವೋಟಿನ ಕಾರ್ಡು ಐತಿ ಬಿಡಪಾ, ಮನ್ಯಾಗ ಐತಿ," ಎಂದು ಎದ್ದು ಬಂದಳು.

ಮನೆಗೆ ಬಂದು ಟ್ರಂಕು ಬೋರಲು ಹಾಕಿದಳು. ಅಕ್ಕಿ ಡ್ರಮ್ಮಿನೊಳಗೆ ಕೈಯಾಡಿಸಿದಳು. ಬುದ್ಧನ ಫೋಟೊದ ಹಿಂದೆ, ಹಾಸಿಗೆಯ ಸುರುಳಿಯೊಳಗೆ, ಹುಲಿಗೆಮ್ಮನ ಗೂಡಿನಲ್ಲಿ ಹುಡುಕಿದಳು. ಕೊನೆಯ ಸಲ ವೋಟು ಹಾಕಿದ್ದು ಆಧಾರ್ ತೋರಿಸಿ. ಅದಕ್ಕೂ ಹಿಂದಿನ ಸಲ ಗಂಡನ ಜೊತೆ ಹೋಗಿದ್ದಳು. ಸಾಲಿನಲ್ಲಿ ನಿಂತಾಗ ಕಾರ್ಡು ಯಾರ ಕೈಯಲ್ಲಿತ್ತು? ನೆನಪು ಮಾಡಿಕೊಳ್ಳುತ್ತಾ ಕೈ ತಂತಾನೇ ಸೊಂಟಕ್ಕೆ ಹೋಯಿತು. ಅಲ್ಲಿಗೆ ಎಲ್ಲ ತಿಳಿದುಹೋಯಿತು. ಕರೆಮ್ಮ ಅಲ್ಲೇ ಕುಸಿದು ಕೂತಳು.

ಉಚ್ಚೆಂಗೆಪ್ಪನಿಗೆ ಒಂದು ಎಲೆ-ಅಡಿಕೆ ಸಂಚಿ ಇತ್ತು. ಅವಳೇ ಹೊಲಿದುಕೊಟ್ಟದ್ದು. ಎಲೆ ಒಂದು ಅರೆಗೆ, ತಂಬಾಕು ಒಂದು ಅರೆಗೆ, ಒಳಗಿನ ಅರೆಗೆ ಇಬ್ಬರ ವೋಟಿನ ಕಾರ್ಡುಗಳು. "ಗಂಡಹೆಂಡ್ತಿ ಕಾರ್ಡು ಕೂಡೇ ಇರ್ಲಿ," ಎನ್ನುತ್ತಿದ್ದ. ಸತ್ತವರ ಸಂಚಿಯನ್ನು ಅವರ ಜೊತೆಗೇ ಕಳಿಸುವುದು ಪದ್ಧತಿ. ಆಚೆಗೆ ಹೋದಮೇಲೂ ಎಲೆಗೆ ತಡಕಾಡಬಾರದು ನೋಡಿ. ಗುಣಿಯಲ್ಲಿ ಮಲಗಿಸಿದ ಮೇಲೆ ಆ ಸಂಚಿಯನ್ನು ಅವನ ಸೊಂಟಕ್ಕೆ ಸಿಕ್ಕಿಸಿದ್ದು ಕರೆಮ್ಮನ ಕೈಯೇ. ತನ್ನ ಗುರುತನ್ನು ತಾನೇ ಗಂಡನ ಜೊತೆ ಹೂತು ಬಂದಿದ್ದಳು.

ಪಕ್ಕದ ಮನೆಯ ಜಂಬಪ್ಪ ಹುಡುಕಾಟದ ಸದ್ದು ಕೇಳಿ ಬಂದವನು, ವಿಷಯ ತಿಳಿದು ತಲೆ ಕೆರೆದುಕೊಂಡ. "ಪ್ಲಾಸ್ಟಿಕ್ ಕಾರ್ಡು ಹಾಳಾಗಿರಂಗಿಲ್ಲ. ನಾಕ್ ಮಂದಿ ಹೋಗಿ ಸ್ವಲ್ಪ ತಗದು..."

"ಬಾಯಿ ಮುಚ್ಚಲೇ ಜಂಬ್ಯಾ!" ಕರೆಮ್ಮ ಎದ್ದು ನಿಂತಳು. "ಒಂದು ದಿನ ನೆಟ್ಟಗ ಉಸಿರಾಡದ ಮಲಗ್ಯಾನ. ಮಲಗಲಿ."

ಮರುದಿನ ಮತ್ತೆ ಹುಲುಗೇಶನ ಅಂಗಡಿ. ಅವನು ಕಥೆ ಕೇಳಿ ಕಂಪ್ಯೂಟರ್ ಕಡೆ ತಿರುಗಿದ. ಹೊಸ ಕಾರ್ಡಿಗೆ ಅರ್ಜಿ ಹಾಕಿದ, ಆದರೆ ಅದು ಕೈಗೆ ಬರುವುದರೊಳಗೆ ಸಂಘಮಿತ್ರಾಳ ಆಪರೇಷನ್ ಮುಗಿದಿರುತ್ತದೆ ಎಂದ.

"ಹಂಗ ಹೋಗಿ ನಿಂತ್ರ? ಕೇಳ್ತಾರೇನು?"

"ಒಮ್ಮೊಮ್ಮೆ ಕೇಳಂಗಿಲ್ಲ. ಸಾವಿರಾರು ಮಂದಿ ನಡಕೋಂತ ದಾಟ್ತಾರ. ಆದ್ರ ಕೇಳಿದ್ರ ಏನ್ ಮಾಡ್ತಿ? ಹೋದ ವರ್ಷ ನನ್ನ ಗುಂಪಿನ್ಯಾಗ ಇಬ್ಬರನ್ನ ನಿಲ್ಲಿಸಿಬಿಟ್ರು. ಲುಂಬಿನಿ ನೋಡದ ವಾಪಸ್ ಬಂದ್ರು. ನೀ ಒಬ್ಬಾಕಿ, ಹಿಂದಿ ಬರಂಗಿಲ್ಲ." ಅರ್ಜಿಯ ರಸೀದಿ ಅವಳ ಕೈಗಿಟ್ಟು ಮುಂದುವರಿಸಿದ. "ಒಂದು ದಾರಿ ಐತಿ. ಒಂದ ಕುಟುಂಬದವರು ಕೂಡಿ ಹೊಂಟ್ರ, ಒಬ್ಬರ ಹತ್ರ ವೋಟಿನ ಕಾರ್ಡಿದ್ರ ಸಾಕು. ಉಳಿದವರು ಫೋಟೊ ಇರೋ ಕಾರ್ಡು ತೋರಿಸಿ, ಇವರು ನಮ್ಮವರು ಅಂತ ತೋರಿಸಿದ್ರ ಬಿಡ್ತಾರ."

"ಇಂದ್ರಪ್ಪನ್ನ ಕರಸ್ಲೇನು?"

"ಅಳಿಯ ಲೆಕ್ಕಕ್ಕ ಬರಂಗಿಲ್ಲ ದೊಡ್ಡವ್ವಾ. ಗಂಡ, ಹೆಂಡ್ತಿ, ಸಣ್ಣ ಮಕ್ಕಳು, ಅಪ್ಪ-ಅವ್ವ, ಅಷ್ಟ. ಅಂದ್ರ ನಿನ್ನ ಮಗ ಬರಬೇಕು. ಹೋಗುವಾಗನೂ ಕೂಡೇ, ಬರುವಾಗನೂ ಕೂಡೇ."

ಊರಲ್ಲಿ ಇಷ್ಟು ಜನರಿರುವಾಗ ಕಾಯಿದೆಗೆ ಬೇಕಾದವನು ಅವನೊಬ್ಬನೇ. ಕರೆಮ್ಮನಿಗೆ ಸಿಟ್ಟು ಬಂತು, ಕಾಯಿದೆಯ ಮೇಲೋ ಮಗನ ಮೇಲೋ ಸತ್ತ ಗಂಡನ ಮೇಲೋ ತಿಳಿಯಲಿಲ್ಲ.

ಪರಶುರಾಮ ಕುರೆಕುಪ್ಪದಲ್ಲಿ ಬಾಡಿಗೆ ಮನೆ ಮಾಡಿದ್ದ. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ಕರೆಮ್ಮ ಹೋದಾಗ ಶಿಫ್ಟ್ ಮುಗಿಸಿ ಬಂದು ಹೆಲ್ಮೆಟ್ಟನ್ನು ಮೊಳೆಗೆ ತೂಗುಹಾಕುತ್ತಿದ್ದ. ಸೊಸೆ ರೇಣುಕಾದೇವಿ ರೊಟ್ಟಿ ತಟ್ಟುತ್ತಿದ್ದಳು.

"ಒಳಗ ಬಾ ಯವ್ವಾ, ಹೊಸ್ತಿಲದ ಮ್ಯಾಲ ಯಾಕ ಕುಂತಿ?"

ಕರೆಮ್ಮ ಎಲ್ಲ ಹೇಳಿದಳು. ಬಿಪಿ, ಬಾತ ಕಾಲು, ಸಂಚಿ, ಹುಲುಗೇಶನ ಮಾತು. ಹೇಳುವಾಗ ಮಗನ ಮುಖ ನೋಡಲಿಲ್ಲ. ಅವನೂ ಇವಳ ಮುಖ ನೋಡಲಿಲ್ಲ.

"ಬ್ಯಾರೆ ಯಾರನ್ನರ ನೋಡು," ಎಂದ ಕೊನೆಗೆ.

"ಬ್ಯಾರೆ ಯಾರನ್ನ ಹೆತ್ತಿನಿ ನಾನು?"

"ನನಗ ತಂಗಿ ಇಲ್ಲಂತ ಹೇಳೀನಿ. ಅಪ್ಪನ ಮಣ್ಣಿನ ಮ್ಯಾಲ ನಿಂತು ಹೇಳೀನಿ. ಅಪ್ಪ ಸಾಯೋತನಕ ಬಾಗಿಲ ನೋಡಿದ್ದು ನಿನಗ ಮರತಿರಬೋದು. ಅಂವನ ತಲಿ ನನ್ನ ತೊಡಿ ಮ್ಯಾಲಿತ್ತು ಬೇ."

ಇವನ ಸಿಟ್ಟು ಸಿಟ್ಟಲ್ಲ, ಅಪ್ಪನನ್ನು ಕಳೆದುಕೊಂಡ ಸಂಕಟ, ಅದಕ್ಕೆ ಒದೆಯಲು ಯಾರಾದರೂ ಬೇಕಿತ್ತು ಅಷ್ಟೆ ಎಂದು ಕರೆಮ್ಮನಿಗೆ ಯಾವತ್ತೋ ಗೊತ್ತಿತ್ತು. ಆದರೆ ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅವಳು ಅಳಲಿಲ್ಲ. ಗುಡ್ಡದಲ್ಲಿ ದೊಡ್ಡ ಕಲ್ಲು ಒಡೆಯದಿದ್ದರೆ ಮೇಲೆ ಮೇಲೆ ಹೊಡೆಯಬಾರದು, ಎಲ್ಲಿ ಗೆರೆ ಇದೆಯೋ ನೋಡಿ ಅಲ್ಲಿ ತಟ್ಟಬೇಕು ಎಂದು ಕಲಿತವಳು.

"ತಂಗಿ ಹತ್ರ ಹೋಗು ಅಂತ ನಾ ಅನ್ನಂಗಿಲ್ಲ. ಆಕಿ ಮಾರಿ ನೋಡಬ್ಯಾಡ. ನನ್ನನ್ನ ಆ ಗೇಟು ದಾಟಿಸು, ಹಂಗ ಹೊಳ್ಳಿ ಬಾ. ನಿನ್ನ ಅವ್ವಗ ಅಷ್ಟು ಮಾಡು."

ರೇಣುಕಾದೇವಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕದೆ ನಿಂತಿದ್ದಳು. ಸುಟ್ಟ ವಾಸನೆ ಬಂತು. ಪರಶುರಾಮ ಹೋಗಿ ಒಲೆ ಆರಿಸಿದ.

"ಗೇಟು ಮಟ. ಆ ಕಡೆ ಕಾಲಿಟ್ಟು ಹಂಗ ವಾಪಸ್ಸು. ಒಂದು ಮಾತು ಆಡಂಗಿಲ್ಲ," ಎಂದ.

"ಆಡಬ್ಯಾಡ."

ಹೊರಡುವ ಹಿಂದಿನ ದಿನ ಕರೆಮ್ಮ ಶೇಂಗಾ ಹುರಿದು, ಎಳ್ಳು ಹುರಿದು ಪಂಚಮಿಯ ಉಂಡಿ ಕಟ್ಟಿದಳು. ಹಬ್ಬಕ್ಕೆ ಇನ್ನೂ ದಿನ ಇದ್ದವು. ಕಟ್ಟುವಾಗ ಕೈ ಸಡಿಲ ಬಿದ್ದು ಉಂಡಿ ಒಡೆಯುತ್ತಿತ್ತು. ಅದೊಂದು ಅಪಶಕುನವೆಂದು ಅನ್ನಿಸಿ, ಬುದ್ಧನ ಮನೆಯಲ್ಲಿ ಶಕುನ ಗಿಕುನ ಇಲ್ಲ ಎಂದು ತನ್ನನ್ನೇ ಗದರಿಕೊಂಡು, ಆದರೂ ಹುಲಿಗೆಮ್ಮನ ದೀಪಕ್ಕೆ ಎಣ್ಣೆ ಹೆಚ್ಚು ಹಾಕಿದಳು.

ಹೊಸಪೇಟೆಯಲ್ಲಿ ಹತ್ತಿ, ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಮತ್ತೆ ಬದಲಿಸಿ ಹೋದರು. ಹೊರಗಿನ ಭಾಷೆ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಹಿಂದಿಗೆ ಜಾರುತ್ತಿದ್ದರೂ ತಾಯಿಮಗನ ನಡುವೆ ಯಾವ ಭಾಷೆಯೂ ಇರಲಿಲ್ಲ. "ಚಾ ಕುಡೀತಿ?" "ಬ್ಯಾಡ." ಇಷ್ಟೇ. ಹುಲುಗೇಶ ರೇಷನ್ ಕಾರ್ಡನ್ನೂ ಇಟ್ಟುಕೊಳ್ಳಿ ಎಂದಿದ್ದ. ಅದನ್ನು ತೆಗೆದು ನೋಡಿದ ಪರಶುರಾಮ ಹಣೆ ಒತ್ತಿಕೊಂಡ. ಹೋದ ವರ್ಷವಷ್ಟೇ ಎಲ್ಲರ ಹಾಗೆ ಅವರೂ ಕಾರ್ಡು ಒಡೆಸಿದ್ದರು. ಅತ್ತೆಗೊಂದು, ಸೊಸೆಗೊಂದು ಆದರೆ ಎರಡು ಮನೆಯ ಲೆಕ್ಕವಾಗಿ ಸರ್ಕಾರದ ದುಡ್ಡು ಇಬ್ಬರಿಗೂ ಬರುತ್ತದೆ ಎಂಬ ಜಾಣತನ. ಮಗನ ಕಾರ್ಡಿನಲ್ಲಿ ತಾಯಿ ಇಲ್ಲ, ತಾಯಿಯ ಕಾರ್ಡಿನಲ್ಲಿ ಅವಳೊಬ್ಬಳೇ. ಇಬ್ಬರೂ ಒಂದೇ ಕುಟುಂಬ ಎನ್ನಲು ಕೈಯಲ್ಲಿ ಏನೂ ಉಳಿದಿರಲಿಲ್ಲ.

ಗೋರಖಪುರದಲ್ಲಿ ಇಳಿದು ಗಡಿಯ ಊರು ಸೋನೌಲಿಯ ಬಸ್ಸು ಹತ್ತುವಾಗ ಇಂದ್ರನ ಫೋನು ಬಂತು. "ಅತ್ತೀ, ಎಲ್ಲಿದೀರಿ? ಬಿಪಿ ಇನ್ನಾ ಮ್ಯಾಲ ಹೋಯ್ತು. ಡಾಕ್ಟರ್ ನಾಳೆ ಬೇಡ, ಇವತ್ತು ಸಂಜಿ ಆಪರೇಷನ್ ಅಂತಾರ. ಸಂಗಮಿತ್ರಾ ಅಮ್ಮ ಬರಬೇಕು, ಅಮ್ಮ ಬರಬೇಕು ಅಂತ ಅಳ್ತಾ ಐತಿ. ನಾನು ಗೇಟಿಗೆ ಗಾಡಿ ತರ್ತೀನಿ."

ಕರೆಮ್ಮ ಕಿಟಕಿಯ ಸರಳು ಹಿಡಿದುಕೊಂಡೇ ಕೂತಳು.

ಸೋನೌಲಿಯ ರಸ್ತೆ ತುಂಬ ಲಾರಿಗಳು. ಮಧ್ಯೆ ಸೈಕಲ್ಲು, ರಿಕ್ಷಾ, ಚೀಲ ಹೊತ್ತ ಹೆಂಗಸರು. ಆ ಕಡೆ ನೇಪಾಳದ ಕಮಾನು ಕಾಣುತ್ತಿತ್ತು. ಜನ ಸುಮ್ಮನೆ ನಡೆದು ಹೋಗುತ್ತಿದ್ದರು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ನಮ್ಮನ್ನೂ ಕೇಳದಿರಲಿ ಎಂದು ಕರೆಮ್ಮ ತಲೆ ತಗ್ಗಿಸಿ, ಉಂಡಿಯ ಚೀಲವನ್ನು ಎದೆಗವಚಿಕೊಂಡು ಹೆಜ್ಜೆ ಹಾಕಿದಳು. ಹೆದರಿ ನಡೆಯುವವರನ್ನೇ ಕಾವಲಿನವರು ನಿಲ್ಲಿಸುವುದು. ಒಬ್ಬ ಜವಾನ ಕೈ ಅಡ್ಡ ಹಿಡಿದ.

ಚೀಲ ಬಿಚ್ಚಿಸಿದ. ಉಂಡಿ ನೋಡಿದ, ಮೂಸಿದ. ಆಮೇಲೆ ಮೇಜಿನ ಹಿಂದೆ ಕೂತ ಅಧಿಕಾರಿಯ ಕಡೆ ಕಳಿಸಿದ. ಪರಶುರಾಮನ ವೋಟಿನ ಕಾರ್ಡು ನೋಡಿ ಆತ ತಲೆಯಾಡಿಸಿದ. ಕರೆಮ್ಮನ ಆಧಾರ್ ನೋಡಿ ಬೇರೆ ರೀತಿ ತಲೆಯಾಡಿಸಿದ. ಆ ಎರಡು ತಲೆಯಾಟಗಳ ವ್ಯತ್ಯಾಸ ತಿಳಿಯಲು ಹಿಂದಿ ಬೇಕಿರಲಿಲ್ಲ.

ಕಾರ್ಖಾನೆಯಲ್ಲಿ ಬಿಹಾರದವರ ಜೊತೆ ಕಲಿತ ಹಿಂದಿಯಲ್ಲಿ ಪರಶುರಾಮ, ಇವಳು ನನ್ನ ತಾಯಿ, ಒಂದೇ ಕುಟುಂಬ ಎಂದ. ಆತ ರೇಷನ್ ಕಾರ್ಡು ಕೇಳಿದ. ಪರಶುರಾಮ ಎರಡನ್ನೂ ಇಟ್ಟ. ಒಂದೇ ಕುಟುಂಬವಾದರೆ ಎರಡು ಕಾರ್ಡು ಯಾಕೆ ಎಂದು ಆತ ಕೇಳಿದ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಕಮಾನಿನ ಆಚೆ ಇಂದ್ರ ಕೈ ಬೀಸುತ್ತಿದ್ದುದು ಕರೆಮ್ಮನಿಗೆ ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ದೂರ. ಮಗಳು ಇನ್ನೊಂದಿಷ್ಟೇ ಆಚೆ. ಇಲ್ಲಿಂದ ಹೊಳ್ಳಿಸಿದರೆ ಏನು ಮಾಡಲಿ ಎಂದು ಅವಳು ಮೇಜಿನ ಅಂಚು ಹಿಡಿದುಕೊಂಡಳು.

ಆಗ ಅಧಿಕಾರಿ ರೇಷನ್ ಕಾರ್ಡು ಸರಿಸಿ, ಮೊದಲಿನ ಎರಡು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ಬೆರಳಾಡಿಸಿದ. ಮಗನ ವೋಟಿನ ಕಾರ್ಡಿನಲ್ಲಿ ತಂದೆಯ ಹೆಸರು. ತಾಯಿಯ ಆಧಾರಿನಲ್ಲಿ ಗಂಡನ ಹೆಸರು. ಎಡವಿ ಎಡವಿ ಓದಿದ: "ಉಚ್ಚೆಂ...ಗೆಪ್ಪಾ?"

"ಹೌದ್ರಿ, ಉಚ್ಚೆಂಗೆಪ್ಪ!" ಕರೆಮ್ಮ ಕನ್ನಡದಲ್ಲೇ ಕೂಗಿಬಿಟ್ಟಳು. ಊರ ಮಣ್ಣಿನಲ್ಲಿ ಅವಳ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗಿದವನು ಇಷ್ಟು ದೂರ ಬಂದು ಸಾಕ್ಷಿ ನಿಂತಿದ್ದ.

ಅಧಿಕಾರಿ ಒಂದು ಕೊನೆಯ ಪ್ರಶ್ನೆ ಕೇಳಿದ. ಯಾರ ಬಳಿ ಹೋಗುತ್ತಿದ್ದೀರಿ, ಅಲ್ಲಿ ನಿಮಗೆ ಯಾರಿದ್ದಾರೆ ಎಂದಿರಬೇಕು. ಪರಶುರಾಮ ಮಾತಾಡಲಿಲ್ಲ. ಕರೆಮ್ಮ ಮಗನ ಬಾಯಿಯನ್ನೇ ನೋಡುತ್ತಿದ್ದಳು. ಅಧಿಕಾರಿ ಮತ್ತೆ ಕೇಳಿದ, ಈ ಸಲ ಗಡಸಾಗಿ.

"ಬೆಹೆನ್," ಎಂದ ಪರಶುರಾಮ. "ಮೇರಿ ಬೆಹೆನ್ ಹೈ ಉಧರ್."

ಬೆಹೆನ್ ಎಂದರೆ ತಂಗಿ ಎಂಬುದು ಟಿವಿ ಧಾರಾವಾಹಿಗಳ ದಯೆಯಿಂದ ಕರೆಮ್ಮನಿಗೆ ಗೊತ್ತಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಧಿಕಾರಿ ಕಾರ್ಡುಗಳನ್ನು ವಾಪಸು ಕೊಟ್ಟು, ಹೋಗಿ ಎಂದು ಕೈ ಆಡಿಸಿದ.

ಆಚೆ ಇಂದ್ರ ಓಡಿಬಂದು ಅತ್ತೆಯ ಕಾಲು ಮುಟ್ಟಿದ. ಪರಶುರಾಮನ ಎದುರು ಬಂದು, ಮುಟ್ಟಲೋ ಬೇಡವೋ ತಿಳಿಯದೆ ನಿಂತ. ಪರಶುರಾಮ ಮೇಜಿನಿಂದ ತಾನೇ ಹೊತ್ತು ತಂದಿದ್ದ ಉಂಡಿಯ ಚೀಲವನ್ನು ನೆಲಕ್ಕಿಟ್ಟು, "ದಾಟಿಸೀನಿ. ನಾ ಬರ್ತೀನಿ ಯವ್ವಾ," ಎಂದು ಗೇಟಿನ ಕಡೆ ತಿರುಗಿದ.

"ಅಣ್ಣಾ," ಎಂದ ಇಂದ್ರ. "ಒಂದು ನಿಮಿಷ. ಈ ಗೇಟು ಅವತ್ತು ಬಂದ್ ಇತ್ತು."

ಪರಶುರಾಮ ನಿಂತ, ತಿರುಗಲಿಲ್ಲ.

"ಲಾಕ್‌ಡೌನ್‌ದಾಗ. ಮಾವ ಹೋದಾಗ. ಬುಟ್ವಲ್‌ನಿಂದ ನಡಕೊಂಡು ಬಂದ್ವಿ, ಗಾಡಿ ಇಲ್ಲ. ಫೋನ್ ಚಾರ್ಜ್ ಇಲ್ಲ. ಗೇಟಿಗೆ ಬಂದ್ರೆ ಪೊಲೀಸ್ ಬಿಡಲಿಲ್ಲ. ಸಂಗಮಿತ್ರಾ ಇಲ್ಲೇ ಕುಂತಿತ್ತು, ಈ ಗೋಡೆ ಹತ್ರ. ಎಬ್ಬಿಸಿದ್ರೂ ಏಳಲಿಲ್ಲ. ಆಮ್ಯಾಲ ಸಂಜಿ ಆಯ್ತು. ಈಗ ಮಣ್ಣು ಹಾಕಿರ್ತಾರ ಅಂತ ಹೇಳಿ, ನಿಮ್ಮೂರ ಕಡಿ ಮುಖ ಮಾಡಿ, ಇಲ್ಲೇ ಒಂದು ಹಿಡಿ ಮಣ್ಣು ಹಾಕಿತು. ಅಣ್ಣಗೆ ಹೇಳಬೇಡ ಅಂತು, ನಂಬಂಗಿಲ್ಲ ಅಂ‌ತು."

ಗೋಡೆಯ ಬುಡದಲ್ಲಿ ಏನೂ ಇರಲಿಲ್ಲ. ಬಿಸ್ಕತ್ತಿನ ಚೀಟಿ, ಚಹಾದ ಕಪ್ಪು, ಧೂಳು. ಪಕ್ಕದಲ್ಲಿ ಜನ ಚೀಲ ಹೊತ್ತು ಈ ದೇಶದಿಂದ ಆ ದೇಶಕ್ಕೆ ಸಂತೆಗೆ ಹೋಗುವಂತೆ ಹೋಗುತ್ತಿದ್ದರು. ಪರಶುರಾಮ ಆ ಧೂಳನ್ನು ನೋಡಿದ. ಕರೆಮ್ಮನೂ ನೋಡಿದಳು. ಇಷ್ಟು ವರ್ಷ ಫೋನಿನಲ್ಲಿ ಎಷ್ಟೆಲ್ಲ ಮಾತಾಡಿದ ಮಗಳು ಇದೊಂದನ್ನು ತನಗೂ ಹೇಳಿರಲಿಲ್ಲ. ಹೇಳಿದ್ದರೆ ಅವ್ವ ಅಣ್ಣನ ಜೊತೆ ಜಗಳಕ್ಕೆ ನಿಲ್ಲುತ್ತಾಳೆಂದು ಹೆದರಿದ್ದಳೇನೋ.

ಪರಶುರಾಮ ಬಗ್ಗಿ ಉಂಡಿಯ ಚೀಲ ಎತ್ತಿಕೊಂಡ.

"ಹುಲುಗೇಶ ಏನಂದಿದ್ದ? ಬರುವಾಗನೂ ಕೂಡೇ ಬರಬೇಕಂತ ಅಲ್ಲ? ನಾ ಈಗ ಹೋದ್ರ ನಿನ್ನ ಯಾರು ದಾಟಸ್ತಾರ?" ಎಂದು ತಾಯಿಯ ಮೇಲೇ ರೇಗಿದ. "ಏನ್ ಮಾಡಾದು, ರೂಲ್ ಐತಿ."

ಆ ರೂಲು ಕುರೆಕುಪ್ಪದಲ್ಲಿ ಇದ್ದಾಗಲೂ ಇತ್ತು, ಅವನಿಗೆ ಗೊತ್ತೂ ಇತ್ತು. ಕರೆಮ್ಮ ಅದನ್ನು ಎತ್ತಲಿಲ್ಲ. "ಹೂಂನಪಾ, ರೂಲ್ ಐತಿ," ಎಂದಳು.

ಅವರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸಂಘಮಿತ್ರಾಳನ್ನು ಸ್ಟ್ರೆಚರ್ ಮೇಲೆ ಆಪರೇಷನ್ ಕೋಣೆಯ ಬಾಗಿಲಿಗೆ ತಂದಿದ್ದರು. ಕರೆಮ್ಮ ಓಡಿಹೋಗಿ ಮಗಳ ತಲೆಯ ಮೇಲೆ ಕೈಯಿಟ್ಟಳು. ಮಗಳು ಕಣ್ಣು ಬಿಟ್ಟು ಅವ್ವನನ್ನು ನೋಡಿದಳು. ಹಿಂದೆ ಚೀಲ ಹಿಡಿದು ನಿಂತವನನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ. ಆಮೇಲೆ ಅವಳ ಊದಿದ ಮುಖ ಅಳುವಿಗೆ ತಿರುಗಿತು.

"ಅಣ್ಣಾ... ಪಂಚಮಿಗೆ ಕರಿಯಾಕ ಬಂದೇನು?"

"ಪಂಚಮಿ ಇನ್ನಾ ಐತಿ. ಮೊದ್ಲು ಒಳಗ ಹೋಗಿ ಬಾ. ನಾ ಇಲ್ಲೇ ಇರ್ತೀನಿ."

ಬಾಗಿಲು ಮುಚ್ಚಿತು. ಮೂವರೂ ಬೆಂಚಿನ ಮೇಲೆ ಕೂತರು. ಅತ್ತಿತ್ತ ಓಡಾಡುವ ನರ್ಸುಗಳ ಮುಖದಲ್ಲಿ ಏನಾದರೂ ಸುದ್ದಿ ಇದೆಯೇ ಎಂದು ಕರೆಮ್ಮ ಹುಡುಕಿದಳು, ಏನೂ ಇರಲಿಲ್ಲ. ಬುದ್ಧನನ್ನು ನೆನೆದಳು, ಹುಲಿಗೆಮ್ಮನನ್ನು ನೆನೆದಳು, ಸಾಲದೆಂದು ಗಂಡನನ್ನೂ ನೆನೆದಳು. ಕೊನೆಗೆ ಒಳಗಿಂದ ಕೂಸಿನ ಅಳು ಕೇಳಿತು. ಸ್ವಲ್ಪ ಹೊತ್ತಿಗೆ ನರ್ಸು ಬಂದು ಇಂದ್ರನ ಕಿವಿಯಲ್ಲಿ ಏನೋ ಹೇಳಿದಳು. ಅವನು ನಗುತ್ತಾ ಅಳುತ್ತಾ, "ಇಬ್ರೂ ಆರಾಮ ಅದಾರ ಅತ್ತೀ, ಹೆಣ್ಣು," ಎಂದ.

ಪರಶುರಾಮ ಎದ್ದು ಕಿಟಕಿಯ ಕಡೆ ಹೋದ. ಬೆನ್ನು ತೋರಿಸಿ ನಿಂತು, ಇಂದ್ರನ ಫೋನಿನಿಂದ ಕುರೆಕುಪ್ಪಕ್ಕೆ, ಹೆಂಡತಿಗೆ ಫೋನ್ ಹಚ್ಚಿದ. ಗೇಟಿನಲ್ಲಿ ಪರಭಾಷೆಯಲ್ಲಿ, ಪರರ ಮುಂದೆ ಹೇಳಿದ ಮಾತನ್ನು ಈಗ ತನ್ನ ಭಾಷೆಯಲ್ಲಿ, ತನ್ನ ಮನೆಗೆ ಹೇಳಿದ.

"ರೇಣುಕಾ, ಕೇಳಿಸ್ತೈತೇನು? ನನ್ನ ತಂಗಿಗೆ ಹೆಣ್ಣಾಗೈತಿ."